ಲ್ಯಾಬಿಗೆ ಹೋಗಲೇಬೇಕು, ಉಳಿದದ್ದಕ್ಕೆ ಪರೀಕ್ಷೆ ಇದೆ

ಅನಾಟಮಿ ಮತ್ತು ಫಿಸಿಯಾಲಜಿಗೆ ಕ್ಲೆಪ್, ಅಂದರೆ ತರಗತಿಗೆ ಹೋಗದೆ ಬರೆದು ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಪಡೆಯುವ ಪರೀಕ್ಷೆ, ಇಲ್ಲ. ಮೈಕ್ರೋಬಯಾಲಜಿಗೂ ಇಲ್ಲ. ಅಮೆರಿಕದಲ್ಲಿ ಆರೋಗ್ಯ ಕ್ಷೇತ್ರದ ಪದವಿಯನ್ನು ಬೇಗ, ಕಡಿಮೆ ಖರ್ಚಿನಲ್ಲಿ ಮುಗಿಸಬೇಕೆಂದು ನನ್ನ ಮುಂದೆ ಬಂದು ಕೂರುವವರಿಗೆ ನಾನು ಮೊದಲು ಹೇಳುವ ಮಾತು ಇದು. ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೂ ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷ ತಡವಾಗಿ ತಿಳಿದುಕೊಂಡವರ ಕಣ್ಣೀರನ್ನೂ ನೋಡಿದ್ದೇನೆ.

ನಾನು ನ್ಯೂಜೆರ್ಸಿಯ ಕಮ್ಯುನಿಟಿ ಕಾಲೇಜೊಂದರಲ್ಲಿ ವಿದ್ಯಾರ್ಥಿ ಸಲಹೆಗಾರ್ತಿ. ಮನೆ, ಮಕ್ಕಳು, ಕೆಲಸ ಎಲ್ಲ ಆದಮೇಲೆ ಓದಿಗೆ ಮರಳುವವರು ನನ್ನ ಪಾಲಿಗೆ ಬರುತ್ತಾರೆ. ಕನ್ನಡದವಳೆಂದು ಗೊತ್ತಾದ ಮೇಲೆ ದೇವಸ್ಥಾನದ ಊಟದ ಸಾಲಿನಲ್ಲೂ ಅಂಕಪಟ್ಟಿಯ ಫೋಟೋ ತೋರಿಸುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಎಚ್-4 ವೀಸಾದಲ್ಲಿ ಗಂಡನ ಜೊತೆ ಬಂದ ಹೆಣ್ಣುಮಕ್ಕಳು. ಊರಲ್ಲಿ ಬಿಕಾಂ ಮಾಡಿದವರು, ಬಿಎಸ್‌ಸಿ ಅರ್ಧಕ್ಕೆ ಬಿಟ್ಟವರು, ಡಿ ಫಾರ್ಮಾ ಮುಗಿಸಿ ಮೆಡಿಕಲ್ ಶಾಪಿನಲ್ಲಿ ನಾಲ್ಕು ವರ್ಷ ನಿಂತವರು. ಎಲ್ಲರ ಕೈಯಲ್ಲೂ ಯಾರೋ ಗೆಳತಿ ಕಳಿಸಿದ ಒಂದು ಪಟ್ಟಿ ಇರುತ್ತದೆ: ಈ ಹದಿನೈದು ಪರೀಕ್ಷೆ ಪಾಸು ಮಾಡಿದರೆ ಅರ್ಧ ಡಿಗ್ರಿ ಮುಗಿಯಿತು ಎಂದು.

ಪಟ್ಟಿಯಲ್ಲಿ ಸುಳ್ಳೇನೂ ಇರುವುದಿಲ್ಲ. ತರಗತಿಯಲ್ಲಿ ಕೂರದೆ, ವಿಷಯ ಗೊತ್ತಿದೆಯೆಂದು ಪರೀಕ್ಷೆಯಲ್ಲಿ ತೋರಿಸಿ ಕ್ರೆಡಿಟ್ ಪಡೆಯುವ ವ್ಯವಸ್ಥೆ ಇಲ್ಲಿ ಹಳೆಯದು. ಕಾಲೇಜ್ ಬೋರ್ಡ್ ನಡೆಸುವ ಕ್ಲೆಪ್ ಶುರುವಾದದ್ದು 1967ರಲ್ಲಿ. ಈಗ ಅದರಲ್ಲಿ 34 ವಿಷಯಗಳಿವೆ. ಅಂಕ 20ರಿಂದ 80ರೊಳಗೆ ಬರುತ್ತದೆ, 50 ಬಂದರೆ ಕ್ರೆಡಿಟ್ ಕೊಡಬಹುದೆಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಶಿಫಾರಸು ಮಾಡುತ್ತದೆ. ಶುಲ್ಕ ನೂರು ಡಾಲರಿನ ಆಸುಪಾಸು, ಪರೀಕ್ಷಾ ಕೇಂದ್ರದವರು ಅದರ ಮೇಲೆ ತಮ್ಮದೊಂದಿಷ್ಟು ಸೇರಿಸುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಫೇಲಾದರೆ ಮೂರು ತಿಂಗಳು ಕಾದು ಮತ್ತೆ ಬರೆಯಬಹುದು. ಪ್ರೊಮೆಟ್ರಿಕ್ ನಡೆಸುವ ಡಿಎಸ್‌ಎಸ್‌ಟಿ ಇದರ ಸೋದರಿಯಂತೆ. ಮೂಲದಲ್ಲಿ ಸೈನಿಕರಿಗಾಗಿ ಹುಟ್ಟಿದ್ದು, ಈಗ ಯಾರು ಬೇಕಾದರೂ ಬರೆಯಬಹುದು. ಅಲ್ಲಿ ಪಾಸಾಗಲು 400 ಬರಬೇಕು. ಮಾಡರ್ನ್ ಸ್ಟೇಟ್ಸ್ ಎಂಬ ಸಂಸ್ಥೆಯ ಉಚಿತ ಕೋರ್ಸ್ ಮುಗಿಸಿದರೆ ಕ್ಲೆಪ್ ಶುಲ್ಕದ ವೋಚರನ್ನೂ ಅವರೇ ಕೊಡುತ್ತಾರೆ. ಕೈಯಲ್ಲಿ ಸಂಬಳವಿಲ್ಲದವರಿಗೆ ಇದನ್ನು ನಾನು ಮೊದಲ ದಿನವೇ ಹೇಳುತ್ತೇನೆ.

ಇಂಥ ಕ್ರೆಡಿಟ್‌ಗಳನ್ನು ಧಾರಾಳವಾಗಿ ಒಪ್ಪಿಕೊಂಡು ಪದವಿ ಕೊಡಲೆಂದೇ ಹುಟ್ಟಿದ ಸಂಸ್ಥೆಗಳೂ ಇವೆ. ನ್ಯೂಯಾರ್ಕ್ ರಾಜ್ಯದಲ್ಲಿ 1971ರಲ್ಲಿ ಶುರುವಾಗಿ ಈಗ ಎಕ್ಸೆಲ್ಸಿಯರ್ ಯೂನಿವರ್ಸಿಟಿ ಎನಿಸಿಕೊಂಡದ್ದು, ನಮ್ಮ ಟ್ರೆಂಟನ್ನಿನಲ್ಲಿ 1972ರಲ್ಲಿ ಹುಟ್ಟಿದ ಥಾಮಸ್ ಎಡಿಸನ್ ಸ್ಟೇಟ್, ಕನೆಕ್ಟಿಕಟ್ಟಿನಲ್ಲಿ 1973ರ ಚಾರ್ಟರ್ ಓಕ್. ಮೂರೂ ಮಾನ್ಯತೆ ಇರುವ ಸಂಸ್ಥೆಗಳು. ಅಲ್ಲಿ ಪಡೆದ ಪದವಿ ಅರೆಬರೆ ಪದವಿಯೇನಲ್ಲ.

ಹಾಗಾದರೆ ಎಡವುವುದು ಎಲ್ಲಿ? ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುವುದರಲ್ಲಿ. ಯಾವ ಪರೀಕ್ಷೆ ಸುಲಭ ಎಂದು ಕೇಳಿ ಅಲ್ಲಿಂದ ಹೊರಡುತ್ತಾರೆ. ನಾನು ಅವರ ಕಾಗದವನ್ನು ತಿರುಗಿಸಿ, ಖಾಲಿ ಬೆನ್ನಿನ ಮೇಲೆ ಕೊನೆಯ ಸಾಲನ್ನು ಮೊದಲು ಬರೆಸುತ್ತೇನೆ: ಡಿಗ್ರಿ ಮುಗಿದ ಮರುದಿನ ನೀವು ಯಾರ ಮುಂದೆ ಹೋಗಿ ನಿಲ್ಲುತ್ತೀರಿ? ರಾಜ್ಯದ ನರ್ಸಿಂಗ್ ಬೋರ್ಡಿನ ಮುಂದೆಯೋ, ಫಿಸಿಕಲ್ ಥೆರಪಿ ಶಾಲೆಯ ಪ್ರವೇಶ ಸಮಿತಿಯ ಮುಂದೆಯೋ, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದ ಮ್ಯಾನೇಜರ್ ಮುಂದೆಯೋ? ಆರೋಗ್ಯ ಕ್ಷೇತ್ರ ಅನ್ನುವುದು ಒಂದೇ ಮನೆಯಂತೆ ಕೇಳಿಸುತ್ತದೆ, ಒಳಗೆ ಹತ್ತಾರು ಬಾಗಿಲು. ಒಂದೊಂದು ಬಾಗಿಲಿಗೂ ಬೇರೆ ಬೇರೆ ಕಾವಲುಗಾರ. ಕಾಲೇಜು ಕ್ರೆಡಿಟ್ ಕೊಟ್ಟಿತೆಂದ ಮಾತ್ರಕ್ಕೆ ಕಾವಲುಗಾರ ಒಪ್ಪಬೇಕೆಂದಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಎಲ್ಲರಿಗೂ ತಿಳಿದಿರುವ ಇತಿಹಾಸದಲ್ಲೇ ಇದೆ. ಎಕ್ಸೆಲ್ಸಿಯರ್ ದಶಕಗಳ ಕಾಲ ನರ್ಸಿಂಗ್ ಅಸೋಸಿಯೇಟ್ ಪದವಿಯನ್ನು (ಬ್ಯಾಚುಲರ್ ಪದವಿಗಿಂತ ಕೆಳಗಿನದು) ಪರೀಕ್ಷೆಗಳ ಮೇಲೆಯೇ ನಡೆಸಿತು. ಆಗಲೇ ಎಲ್‌ಪಿಎನ್ (ನರ್ಸ್‌ಗಿಂತ ಕೆಳಹಂತದ ಲೈಸೆನ್ಸ್ ಇರುವವರು) ಅಥವಾ ಪ್ಯಾರಾಮೆಡಿಕ್ ಆಗಿದ್ದವರು ಮನೆಯಲ್ಲಿ ಓದಿ, ಥಿಯರಿ ಪರೀಕ್ಷೆಗಳನ್ನು ಮುಗಿಸಿ, ಕೊನೆಗೆ ಆಸ್ಪತ್ರೆಯೊಂದರಲ್ಲಿ ವಾರಾಂತ್ಯದ ಪ್ರಾಯೋಗಿಕ ಪರೀಕ್ಷೆ ಕೊಡುತ್ತಿದ್ದರು. ಸಾವಿರಾರು ಜನ ಹಾಗೆ ನರ್ಸ್ ಆದರು, ಒಳ್ಳೆಯ ನರ್ಸ್‌ಗಳೇ ಆದರು. ಆದರೆ ತರಬೇತಿಯ ಅವಧಿಯಲ್ಲಿ ಮೇಲ್ವಿಚಾರಣೆಯಡಿ ರೋಗಿಗಳ ಜೊತೆ ಕಳೆಯಬೇಕಾದ ಗಂಟೆಗಳು ಇದರಲ್ಲಿಲ್ಲ ಎಂದು ಕ್ಯಾಲಿಫೋರ್ನಿಯಾದ ಬೋರ್ಡ್ ಆಕ್ಷೇಪಿಸಿತು. 2003ರ ಡಿಸೆಂಬರ್ ನಂತರ ಸೇರಿದವರಿಗೆ ಅಲ್ಲಿ ಲೈಸೆನ್ಸ್ ಸಿಗದಂತಾಯಿತು. ಪದವಿ ಅದೇ, ವಿಶ್ವವಿದ್ಯಾಲಯ ಅದೇ. ರಾಜ್ಯದ ಗಡಿ ದಾಟಿದರೆ ಕಾಗದಕ್ಕೆ ಬೆಲೆ ಬೇರೆ. ಗಂಡನ ಪ್ರಾಜೆಕ್ಟ್ ಬದಲಾದರೆ ನ್ಯೂಜೆರ್ಸಿಯಿಂದ ಸ್ಯಾನ್ ಹೋಸೆಗೆ ಮನೆ ಬದಲಿಸುವ ನಮ್ಮವರು ಇದನ್ನು ಚೆನ್ನಾಗಿ ನೆನಪಿಡಬೇಕು. ಹೊಸದಾಗಿ ನರ್ಸ್ ಆಗಬೇಕೆನ್ನುವವರಿಗೆ ಕ್ಲಿನಿಕಲ್ ತರಬೇತಿ ಇರುವ ಕಾರ್ಯಕ್ರಮವನ್ನೇ ಸೇರಿ ಎನ್ನುತ್ತೇನೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಪರೀಕ್ಷೆಗಳೇನಿದ್ದರೂ ಅದರ ಸುತ್ತಲಿನ ವಿಷಯಗಳಿಗೆ.

ಫಿಸಿಕಲ್ ಥೆರಪಿ, ಫಿಸಿಶಿಯನ್ ಅಸಿಸ್ಟೆಂಟ್ (ವೈದ್ಯರ ಜೊತೆ ಚಿಕಿತ್ಸೆ ಕೊಡುವವರು) ಕಡೆ ಹೋಗುವವರ ಕಷ್ಟ ಇನ್ನೊಂದು ಬಗೆಯದು. ಆ ಶಾಲೆಗಳು ಸ್ನಾತಕೋತ್ತರ ಹಂತದವು. ಒಳಗೆ ಹೋಗುವ ಮುನ್ನ ಜೀವಶಾಸ್ತ್ರ, ರಸಾಯನಶಾಸ್ತ್ರ, ಅನಾಟಮಿ ಮುಗಿಸಿರಬೇಕು, ಅದೂ ಲ್ಯಾಬ್ ಸಮೇತ, ಅಕ್ಷರದ ಗ್ರೇಡ್ ಸಮೇತ ಎಂದು ಬಹಳಷ್ಟು ಶಾಲೆಗಳು ಕೇಳುತ್ತವೆ. ಕ್ಲೆಪ್ ಗ್ರೇಡ್ ಕೊಡುವುದಿಲ್ಲ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಕ್ರೆಡಿಟ್ ಬಂದಿದೆ ಎಂದಷ್ಟೇ ಕಾಣುತ್ತದೆ, ಗ್ರೇಡುಗಳ ಸರಾಸರಿಯಾದ ಜಿಪಿಎಗೆ ಒಂದು ಚುಕ್ಕಿಯೂ ಸೇರುವುದಿಲ್ಲ. ಕೆಮಿಸ್ಟ್ರಿಯಲ್ಲಿ 70 ಅಂಕ ತೆಗೆದ ಜಾಣೆಯೂ ಪ್ರವೇಶ ಸಮಿತಿಯ ಕಣ್ಣಿಗೆ ಕೆಮಿಸ್ಟ್ರಿ ಓದದವಳೇ ಆಗಬಹುದು. ಹಾಗೆ ಆದವಳೊಬ್ಬಳು ನನ್ನ ಕೋಣೆಯಲ್ಲಿ ಕೂತು ಕೇಳಿದಳು: "ಮತ್ತೆ ಮೊದಲಿನಿಂದ ಓದಬೇಕಾ ಅಕ್ಕಾ?" ಓದಬೇಕಾಯಿತು. ಎರಡು ಸೆಮಿಸ್ಟರ್ ಹೋಯಿತು. ಅವಳು ಮೊದಲು ಹೋಗಿದ್ದ ಕಚೇರಿಯಲ್ಲಿ ಒಬ್ಬರಾದರೂ ಎಲ್ಲಿಗೆ ಹೋಗುತ್ತೀಯಮ್ಮ ಎಂದು ಕೇಳಿದ್ದರೆ ಸಾಕಿತ್ತು.

ಇನ್ನು ಹೆಲ್ತ್‌ಕೇರ್ ಅಡ್ಮಿನಿಸ್ಟ್ರೇಶನ್, ಹೆಲ್ತ್ ಸೈನ್ಸಸ್, ಪಬ್ಲಿಕ್ ಹೆಲ್ತ್. ಇವುಗಳಿಗೆ ಪರೀಕ್ಷೆಯ ದಾರಿ ನಿಜಕ್ಕೂ ಒದಗಿಬರುತ್ತದೆ, ಏಕೆಂದರೆ ಹೆಚ್ಚಿನ ಕೆಲಸಗಳಿಗೆ ಲೈಸೆನ್ಸ್ ಬೇಕಿಲ್ಲ. ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಮಾತ್ರ ಎಚ್ಚರದಿಂದ ನೋಡಬೇಕಾದದ್ದು. ಆರೋಗ್ಯ ದಾಖಲೆಗಳನ್ನು ನಿರ್ವಹಿಸುವವರ ಆರ್‌ಎಚ್‌ಐಎ ಪ್ರಮಾಣಪತ್ರದ ಪರೀಕ್ಷೆ ಬರೆಯಲು ಸಾಮಾನ್ಯವಾಗಿ ಕಾಹಿಮ್ ಎಂಬ ಸಂಸ್ಥೆಯ ಮಾನ್ಯತೆ ಇರುವ ಕಾರ್ಯಕ್ರಮದಲ್ಲೇ ಓದಿರಬೇಕು.

ಅಮೆರಿಕದ ಬ್ಯಾಚುಲರ್ ಪದವಿ ಸಾಮಾನ್ಯವಾಗಿ 120 ಕ್ರೆಡಿಟ್. ಅದರಲ್ಲಿ ಮೇಲಿನ ಹಂತದ ವಿಷಯಗಳೆಂದು ಒಂದು ಪಾಲು ಕೇಳುತ್ತಾರೆ. ಕ್ಲೆಪ್‌ನದೆಲ್ಲ ಕೆಳಹಂತದ ಕ್ರೆಡಿಟ್, ಡಿಎಸ್‌ಎಸ್‌ಟಿಯಲ್ಲಿ ಕೆಲವಕ್ಕೆ ಮಾತ್ರ ಮೇಲಿನ ಹಂತದ ಶಿಫಾರಸು ಇದೆ. ಆದ್ದರಿಂದ ಪರೀಕ್ಷೆಗಳನ್ನೇ ಪೇರಿಸಿ ಡಿಗ್ರಿ ಕಟ್ಟಲಾಗುವುದಿಲ್ಲ. ಸಾಮಾನ್ಯ ಶಿಕ್ಷಣದ ಭಾಗದಲ್ಲಿ ಮಾತ್ರ ಅವು ಹೊಲಿದ ಬಟ್ಟೆಯ ಹಾಗೆ ಹೊಂದುತ್ತವೆ. ಕಾಲೇಜ್ ಕಾಂಪೊಸಿಶನ್ನಿಗೆ 6 ಕ್ರೆಡಿಟ್, ಸೈಕಾಲಜಿಗೆ 3, ಸೋಶಿಯಾಲಜಿಗೆ 3, ಕಾಲೇಜ್ ಆಲ್‌ಜೀಬ್ರಾಗೆ 3, ಅಮೆರಿಕದ ಇತಿಹಾಸಕ್ಕೆ 3, ಹೀಗೆ ಮೂವತ್ತು ಕ್ರೆಡಿಟ್‌ವರೆಗೆ ಒಬ್ಬ ಶಿಸ್ತಿನ ಗೃಹಿಣಿ ಒಂದು ವರ್ಷದಲ್ಲಿ ಮುಗಿಸಿದ್ದನ್ನು ನೋಡಿದ್ದೇನೆ. ಅಂಕಿಅಂಶಶಾಸ್ತ್ರವಿಲ್ಲದೆ ಆರೋಗ್ಯದ ಯಾವ ಪದವಿಯೂ ನಡೆಯುವುದಿಲ್ಲವೆನ್ನಬಹುದು. ಅದು ಕ್ಲೆಪ್‌ನಲ್ಲಿಲ್ಲ, ಡಿಎಸ್‌ಎಸ್‌ಟಿಯಲ್ಲಿದೆ.

ಆರೋಗ್ಯದ ಕಡೆ ಹೊರಟವರು ತುಂಬ ಹಗುರಾಗಿ ತೆಗೆದುಕೊಳ್ಳುವ ಎರಡು ಪರೀಕ್ಷೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದು, ಬಯಾಲಜಿ. ನಾನು ಫಾರ್ಮಸಿ ಓದಿದವಳು, ದೇಹದ ಬಗ್ಗೆ ಗೊತ್ತು ಎನ್ನುವ ಧೈರ್ಯದಲ್ಲಿ ಹೋಗುತ್ತಾರೆ. 90 ನಿಮಿಷದಲ್ಲಿ 115 ಪ್ರಶ್ನೆ. ಅದರಲ್ಲಿ ಮೂರನೇ ಒಂದು ಭಾಗ ಜೀವಕೋಶ ಮತ್ತು ಅಣು, ಇನ್ನೊಂದು ಭಾಗ ಜೀವಿಗಳ ರಚನೆ, ಅದರಲ್ಲಿ ಸಸ್ಯಗಳೂ ಸೇರಿವೆ. ಉಳಿದ ಮೂರನೇ ಭಾಗ ಪರಿಸರ, ವಿಕಾಸ, ಜೀವಿಸಮೂಹಗಳು. ಮೂತ್ರಪಿಂಡ ಎಷ್ಟು ಚೆನ್ನಾಗಿ ಗೊತ್ತಿದ್ದರೂ ಆಹಾರ ಸರಪಳಿ, ಹಾರ್ಡಿ-ವೈನ್‌ಬರ್ಗ್ ಲೆಕ್ಕ (ಜೀವಿಸಮೂಹದಲ್ಲಿ ಜೀನ್‌ಗಳ ಪ್ರಮಾಣದ್ದು) ಗೊತ್ತಿಲ್ಲದೆ 50 ದಾಟುವುದು ಕಷ್ಟ. ಪಿಯುಸಿಯ ಬಯಾಲಜಿ ಪುಸ್ತಕ ಇನ್ನೂ ಮನೆಯಲ್ಲಿದ್ದರೆ ತರಿಸಿಕೊಳ್ಳಿ ಎನ್ನುತ್ತೇನೆ, ಅದು ಒಳ್ಳೆಯ ತಯಾರಿ. ಪಾಸಾದರೂ ಲ್ಯಾಬಿನ ಕ್ರೆಡಿಟ್ ಬಾರದಿರಬಹುದು ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.

ಇನ್ನೊಂದು ಹ್ಯೂಮನ್ ಗ್ರೋತ್ ಆ್ಯಂಡ್ ಡೆವಲಪ್‌ಮೆಂಟ್. ಎರಡು ಮಕ್ಕಳನ್ನು ಬೆಳೆಸಿದ್ದೇನೆ, ನನಗೇಕೆ ಭಯ ಎನ್ನುತ್ತಾರೆ. ಅನುಭವ ವ್ಯರ್ಥವಲ್ಲ, ಆದರೆ ಪರೀಕ್ಷೆ ಅದನ್ನು ಪಿಯಾಜೆ, ಎರಿಕ್ಸನ್, ವೈಗಾಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರ ಮಾತಿನಲ್ಲಿ ಕೇಳುತ್ತದೆ. ಸೆರಗು ಮುಖಕ್ಕೆ ಮುಚ್ಚಿ ತೆಗೆದಾಗ ಕೂಸು ಕಿಲಕಿಲ ನಗುವುದನ್ನು ನೀವು ನೋಡಿದ್ದೀರಿ. ಮುಚ್ಚಿದ ಮೇಲೂ ಅಮ್ಮ ಅಲ್ಲೇ ಇದ್ದಾಳೆಂದು ಅದಕ್ಕೆ ತಿಳಿಯುವ ಹಂತಕ್ಕೆ ಪಿಯಾಜೆ ಇಟ್ಟ ಹೆಸರನ್ನು ಅಲ್ಲಿ ಗುರುತಿಸಬೇಕು. ನೋಡಿದ್ದಕ್ಕೆ ಹೆಸರು ಜೋಡಿಸುತ್ತ ಹೋದರೆ ಇದು ತಾಯಂದಿರಿಗೆ ಬೇಗ ಒಲಿಯುವ ವಿಷಯ. ಅವರು ಇದನ್ನು ಓದುವಾಗ ಮುಖ ಅರಳುವುದು ನೋಡಲು ನನಗೆ ಇಷ್ಟ.

ಒಂದೇ ವಿಷಯಕ್ಕೆ ಎರಡು ಸಲ ದುಡ್ಡು ಕಟ್ಟುವುದು ಇನ್ನೊಂದು ಸಾಮಾನ್ಯ ನಷ್ಟ. ಹ್ಯೂಮನ್ ಗ್ರೋತ್ ಬರೆದ ಮೇಲೆ ಡಿಎಸ್‌ಎಸ್‌ಟಿಯ ಲೈಫ್‌ಸ್ಪ್ಯಾನ್ ಡೆವಲಪ್‌ಮೆಂಟಲ್ ಸೈಕಾಲಜಿ ಬರೆದರೆ ಎರಡೂ ಒಂದೇ ಎಂದು ಕಾಲೇಜು ಒಂದನ್ನು ತೆಗೆದುಹಾಕಬಹುದು. ಬಯಾಲಜಿಯ ಜೊತೆ ನ್ಯಾಚುರಲ್ ಸೈನ್ಸಸ್ ಬರೆದರೂ ಕೆಲವೆಡೆ ಅದೇ ಗತಿ. ಊರಿನ ಪದವಿ ಇರುವವರಂತೂ ಪರೀಕ್ಷೆಗೆ ಹೆಸರು ಕೊಡುವ ಮುನ್ನ ತಮ್ಮ ಅಂಕಪಟ್ಟಿಗಳನ್ನು ನೇಸಸ್ (ವಿದೇಶಿ ಪದವಿಗಳ ಮೌಲ್ಯಮಾಪಕರ ಒಕ್ಕೂಟ) ಸದಸ್ಯ ಸಂಸ್ಥೆಯೊಂದರಿಂದ ವಿಷಯವಾರು ಮೌಲ್ಯಮಾಪನ ಮಾಡಿಸಲೇಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಮೂರು ವರ್ಷದ ಪದವಿ ಇಲ್ಲಿ 90 ಕ್ರೆಡಿಟ್ ಸುತ್ತಮುತ್ತ ಲೆಕ್ಕಕ್ಕೆ ಬಂದದ್ದು ನನ್ನ ಕಡತಗಳಲ್ಲೇ ಇದೆ. ಅಷ್ಟಿದ್ದ ಮೇಲೆ ಸೋಶಿಯಾಲಜಿ, ಇತಿಹಾಸ ಎಂದು ಪರೀಕ್ಷೆ ಬರೆಯುತ್ತ ಕೂತರೆ ಯಾರಿಗೆ ಲಾಭ? ಅವರಿಗೆ ಬೇಕಿರುವುದು ಮೇಲಿನ ಹಂತದ ಆರೋಗ್ಯ ವಿಷಯಗಳು.

ವೀಸಾದ ಮಾತು ಬೇಗ ಮುಗಿಸುತ್ತೇನೆ. ಎಚ್-4ನಲ್ಲಿ ಇರುವವರು ಒಂದೇ ಒಂದು ಕೋರ್ಸ್ ಓದಬಹುದು, ಯಾವುದನ್ನೂ ಓದದೆ ಪರೀಕ್ಷೆ ಮಾತ್ರ ಬರೆಯಬಹುದು. ಎಫ್-1 ವಿದ್ಯಾರ್ಥಿಗೆ ಆ ಸ್ವಾತಂತ್ರ್ಯವಿಲ್ಲ. ಸೆಮಿಸ್ಟರಿಗೆ ಪೂರ್ಣಾವಧಿಯ ಕೋರ್ಸುಗಳಿಗೆ ದಾಖಲಾಗಿರಬೇಕು, ಆ ಲೆಕ್ಕಕ್ಕೆ ಪರೀಕ್ಷೆಯ ಕ್ರೆಡಿಟ್ ಬರುವುದಿಲ್ಲ.

ಹಾಸನದಿಂದ, ಶಿವಮೊಗ್ಗದಿಂದ ಫೋನ್ ಮಾಡಿ, ನಮ್ಮಲ್ಲೂ ಹೀಗೆ ಮನೆಯಲ್ಲೇ ಓದಿ ನರ್ಸಿಂಗ್ ಮಾಡಬಹುದಾ ಎಂದು ಕೇಳುವವರಿದ್ದಾರೆ. ಭಾರತದಲ್ಲಿ ನರ್ಸಿಂಗ್, ಫಿಸಿಯೊಥೆರಪಿಗಳನ್ನು ದೂರಶಿಕ್ಷಣದಲ್ಲಿ ನಡೆಸಲು ಯುಜಿಸಿ ಅವಕಾಶ ಕೊಟ್ಟಿಲ್ಲ. 2025ರಲ್ಲಿ ಸೈಕಾಲಜಿ, ಮೈಕ್ರೋಬಯಾಲಜಿ, ಆಹಾರ ಮತ್ತು ಪೋಷಣೆಯಂಥ ವಿಷಯಗಳ ದೂರಶಿಕ್ಷಣವನ್ನೂ ನಿಲ್ಲಿಸುವಂತೆ ಸೂಚಿಸಿತು. ದೂರಶಿಕ್ಷಣದ ಹೆಸರಲ್ಲಿ ಯಾರಾದರೂ ನರ್ಸಿಂಗ್ ಸೀಟು ಕೊಡುತ್ತೇವೆ ಎಂದರೆ ದಯವಿಟ್ಟು ದುಡ್ಡು ಕೊಡಬೇಡಿ.

ಕಳೆದ ವರ್ಷ ನನ್ನ ಬಳಿ ಬಂದವರಲ್ಲಿ ಡಿ ಫಾರ್ಮಾ ಓದಿದ, ದಾವಣಗೆರೆ ಕಡೆಯ ಒಬ್ಬಳಿದ್ದಾಳೆ. ಕಾಗದದ ಬೆನ್ನಿಗೆ ಅವಳು ಬರೆದ ಕೊನೆಯ ಸಾಲು "ನರ್ಸ್, ಯಾವ ರಾಜ್ಯಕ್ಕೆ ಹೋದರೂ" ಎಂದು. ಅದರ ಮೇಲೆ ಕ್ಲಿನಿಕಲ್ ಇರುವ ನರ್ಸಿಂಗ್ ಕಾರ್ಯಕ್ರಮ, ಅದರ ಮೇಲೆ ಆ ಕಾರ್ಯಕ್ರಮ ಕೇಳುವ ವಿಷಯಗಳು. ಪಕ್ಕದಲ್ಲಿ ನಾಲ್ಕು ಅಂಕಣ ಎಳೆದೆವು: ಲ್ಯಾಬ್ ಬೇಕೇ, ಗ್ರೇಡ್ ಬೇಕೇ, ಕಳೆದ ಎಷ್ಟು ವರ್ಷದೊಳಗೆ ಓದಿದ್ದಾಗಿರಬೇಕು, ಪರೀಕ್ಷೆ ಒಪ್ಪುತ್ತಾರೆಯೇ. ಕೊನೆಯ ಅಂಕಣವನ್ನು ಅವಳೇ ನರ್ಸಿಂಗ್ ವಿಭಾಗಕ್ಕೆ ಇಮೇಲ್ ಬರೆದು, ಬಂದ ಉತ್ತರ ನೋಡಿ ತುಂಬಿದಳು. ಆ ಇಮೇಲನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಲು ಹೇಳಿದೆ. ನಿಯಮ ಬದಲಾಗುತ್ತದೆ, ಉತ್ತರ ಕೊಟ್ಟವರು ಕೆಲಸ ಬಿಡುತ್ತಾರೆ, ಕಾಗದ ಉಳಿಯುತ್ತದೆ.

ಸೈಕಾಲಜಿ, ಸೋಶಿಯಾಲಜಿ, ಹ್ಯೂಮನ್ ಗ್ರೋತ್ ಮೂರನ್ನೂ ಅವಳು ವೋಚರ್ ಮೇಲೆಯೇ ಮುಗಿಸಿದಳು. ಅನಾಟಮಿಗೆ ತರಗತಿ ಸೇರುವಾಗ ಅಳುಕಿದ್ದು ಕ್ರೆಡಿಟ್ಟಿಗಾಗಿ ಅಲ್ಲ, ಮನೆಯಲ್ಲಿ ಮೊಟ್ಟೆಯೂ ತಿನ್ನದವಳು ಲ್ಯಾಬಿನಲ್ಲಿ ಕುರಿಯ ಹೃದಯ ಕೊಯ್ಯಬೇಕಲ್ಲ ಎಂದು. ನಮ್ಮವರು ಬಹಳ ಜನ ಈ ಪ್ರಶ್ನೆಯನ್ನು ಕೇಳಲು ಸಂಕೋಚಪಡುತ್ತಾರೆ. ಕೇಳಿ. ಮಾದರಿಗಳ ಮೇಲೆ, ಕಂಪ್ಯೂಟರಿನ ಮೇಲೆ ಕಲಿಸುವ ಲ್ಯಾಬುಗಳೂ ಇವೆ. ಅವಳು ಕೇಳಿದಳು, ವಿಚಾರಿಸಿದಳು, ಆಮೇಲೆ ಕುರಿಯ ಹೃದಯವಿರುವ ಲ್ಯಾಬನ್ನೇ ಆರಿಸಿಕೊಂಡಳು. ಶನಿವಾರ ಬೆಳಿಗ್ಗೆ ಗಂಡ ಮಕ್ಕಳನ್ನು ಈಜಿಗೆ ಕರೆದೊಯ್ಯುವ ಹೊತ್ತಿಗೆ ಅವಳ ಲ್ಯಾಬ್. ಮೊದಲ ವಾರದ ನಂತರ ಫೋನ್ ಮಾಡಿದಾಗ ಮೈಟ್ರಲ್ ಕವಾಟವನ್ನು ಬೆರಳಲ್ಲಿ ಮುಟ್ಟಿ ನೋಡಿದ್ದನ್ನೇ ಹತ್ತು ನಿಮಿಷ ಹೇಳಿದಳು. ಕಾಂಪೊಸಿಶನ್ ಪರೀಕ್ಷೆಗೆ ಇನ್ನೂ ಆರು ವಾರ ಇದೆ, ಪ್ರಬಂಧ ಬರೆದು ಕಳಿಸುತ್ತೇನೆ, ತಿದ್ದಿಕೊಡಿ ಎಂದಳು.