ವೇಷದ ಮುಖ ಯಾಕೆ ಸುಟ್ಟುಹೋಯಿತು?

ಡೊಂಬಿವಲಿಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಮುಂಬೈ ಮಾಟುಂಗದ ನನ್ನ ಸ್ಟುಡಿಯೋಗೆ ಬಂದ. ಮೂಲ ಊರು ಕುಂದಾಪುರದ ಕಡೆ. ಹೊಸ ವಿಡಿಯೋ ಕ್ಯಾಮೆರಾ ಕೊಂಡ ವಾರದಲ್ಲೇ ಯಕ್ಷಗಾನದ ಶೂಟಿಂಗ್ ಸಿಕ್ಕಿತ್ತು. "ಎಂತ ಸರ್ ಇದು? ನನ್ ಹಳೇ ಮೊಬೈಲೇ ಅಡ್ಡಿಲ್ಲ" ಅಂದ. ನೋಡಿದೆ. ವೇಷಧಾರಿಯ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಹಿಂದಿನ ಕಪ್ಪು ಪರದೆಯ ನೆರಿಗೆ ಮಾತ್ರ ಒಂದೊಂದೂ ಎಣಿಸಬಹುದಿತ್ತು.

ಎಲ್ಲವೂ ಆಟೋದಲ್ಲಿತ್ತು. ಆಟೋ ಅಂದರೆ ಇಡೀ ಫ್ರೇಮಿನ ಬೆಳಕಿನ ಸರಾಸರಿ. ಮುಕ್ಕಾಲು ಪಾಲು ಕಪ್ಪು ಪರದೆಯೇ ಇದ್ದರೆ, ಕತ್ತಲಾಯಿತು ಅಂದುಕೊಂಡು ಅದು ಐರಿಸ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ತೆರೆಯುತ್ತದೆ. ನಮಗೆ ಬೇಕಾದ್ದು ಮುಖ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಹೊಸಬರಿಗೆ ನಾನು ಮೊದಲು ಶಟರ್, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು, ಒಂದೇ ಅಂಕಿಗೆ ಕಟ್ಟಿಹಾಕಿ ಅನ್ನುತ್ತೇನೆ. ಅದನ್ನು ತೀರ್ಮಾನಿಸುವುದು ಕರೆಂಟು, ನಾವಲ್ಲ. ನಮ್ಮದು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು. 1/60 ಇದ್ದರೆ ಲೆಕ್ಕ ತಪ್ಪುತ್ತದೆ, ಚಿತ್ರದ ಮೇಲೆ ಮಸುಕು ಪಟ್ಟಿಗಳು ತೇಲುತ್ತವೆ. ಇವನದ್ದು ಅಮೆರಿಕದಲ್ಲಿರುವ ಭಾವ ತಂದುಕೊಟ್ಟ ಕ್ಯಾಮೆರಾ, ಮೆನುವಿನಲ್ಲಿ 59.94 ಅಂತಿತ್ತು, ಅದು ಅಲ್ಲಿನ 60 ಹರ್ಟ್ಸ್ ಕರೆಂಟಿನ ಲೆಕ್ಕ. ನಮ್ಮ 50 ಹರ್ಟ್ಸ್‌ಗೆ ಹೊಂದುವ ಪಾಲ್ (PAL) ಪದ್ಧತಿಗೆ ಬದಲಿಸಿ, ಸೆಕೆಂಡಿಗೆ 25 ಫ್ರೇಮ್ ಇಟ್ಟೆವು. ಹೀಗೆ ಬದಲಿಸುವಾಗ ಕೆಲವು ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಲು ಕೇಳುತ್ತವೆ. ಇದ್ದದ್ದನ್ನು ಮೊದಲೇ ಕಾಪಿ ಮಾಡಿಕೊಳ್ಳಿ.

ಗೇನ್, ಅಂದರೆ ಕ್ಯಾಮೆರಾ ತಾನೇ ಚಿತ್ರದ ಬೆಳಕು ಹಿಗ್ಗಿಸುವುದು, ಸೊನ್ನೆಯಿಂದ ಶುರು ಮಾಡಿ. 6 ಡೆಸಿಬಲ್ ಏರಿಸಿದರೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಬೆಳಕು ಸಿಕ್ಕ ಹಾಗೆ, ಜೊತೆಗೆ ಚಿತ್ರದಲ್ಲಿ ಕಾಳುಕಾಳು ಚುಕ್ಕೆಗಳೂ ಬರುತ್ತವೆ.

ಇನ್ನು ಐರಿಸ್. ಹುಡುಗನನ್ನೇ ಸ್ಟೂಲಿನ ಮೇಲೆ ಕೂರಿಸಿದೆ, ಬೆನ್ನ ಹಿಂದೆ ಕಪ್ಪು ಬಟ್ಟೆ, ಎದುರಿಗೊಂದು ಲೈಟು. ಝೀಬ್ರಾವನ್ನು, ಅಂದರೆ ಬೆಳಕು ಇಟ್ಟ ಮಟ್ಟ ಮುಟ್ಟಿದ ಕಡೆ ಪರದೆಯಲ್ಲಿ ಓರೆಗೆರೆ ತೋರಿಸುವ ಸೌಲಭ್ಯವನ್ನು, ಶೇಕಡಾ 70ಕ್ಕೆ ಇಟ್ಟೆ. ಹಣೆ, ಕೆನ್ನೆ, ಮೂಗು ಎಲ್ಲ ಕಡೆ ಓರೆಗೆರೆ. ಐರಿಸ್ ನಿಧಾನವಾಗಿ ಮುಚ್ಚುತ್ತಾ ಬಂದೆ. ಕೆನ್ನೆಯ ಗೆರೆ ಹೋಯಿತು, ಹಣೆಯದ್ದೂ ಹೋಯಿತು. ಮೂಗಿನ ತುದಿಯ ಬೆವರಿನ ಮಿಂಚಿಗೆ ಮಾತ್ರ ಒಂದೆರಡು ಉಳಿದವು. ಅಲ್ಲಿ ನಿಲ್ಲಿಸಿದೆ. ನಮ್ಮ ಮೈಬಣ್ಣಕ್ಕೆ ಮುಖ ತುಂಬ 70ರ ಗೆರೆ ಬಂದರೆ ಜಾಸ್ತಿಯೇ. ಕಿರೀಟದ ಮಿಂಚು ಸುಟ್ಟರೆ ಸುಡಲಿ, ಅದಕ್ಕೋಸ್ಕರ ಮುಖವನ್ನು ಕಪ್ಪು ಮಾಡಬೇಡಿ.

ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್‌ನಲ್ಲೂ ಅದೇ ಕಥೆ. ವೇಷದ ಕೆಂಪು ದಗಲೆ (ಅಂಗಿ) ಫ್ರೇಮ್ ತುಂಬಿದರೆ, ಕೆಂಪು ಹೆಚ್ಚಾಯಿತು ಅಂತ ಆಟೋ ಕ್ಯಾಮೆರಾ ಎಲ್ಲವನ್ನೂ ಹಸಿರು-ನೀಲಿಯ ಕಡೆಗೆ ಎಳೆಯಬಹುದು. ಆಟ ಶುರುವಾಗುವ ಮೊದಲು, ಬಣ್ಣದ ಲೈಟೆಲ್ಲ ಆರಿಸಿ, ಮುಖಕ್ಕೆ ಬೀಳುವ ಬಿಳಿ ಬೆಳಕಿನಲ್ಲಿ ಬೂದುಬಣ್ಣದ ಗ್ರೇ ಕಾರ್ಡ್ ಹಿಡಿದು ಸೆಟ್ ಮಾಡಿ. ಫೋರ್ಟ್‌ನ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳಲ್ಲಿ ಕೇಳಿ ನೋಡಿ. ಅದಿಲ್ಲದಿದ್ದರೆ ಬಿಳಿ ಕಾಗದ. ಅದೂ ಇಲ್ಲವಾದರೆ ಹ್ಯಾಲೊಜನ್ ಲೈಟಿಗೆ 3200 ಕೆಲ್ವಿನ್, ಹಗಲಿಗೆ 5600.

ಲಾಗ್ ಪ್ರೊಫೈಲ್ ಬಗ್ಗೆ ಕೇಳಿದ, ಅದು ಎಡಿಟಿಂಗ್‌ನಲ್ಲಿ ಬಣ್ಣ ತಿದ್ದಲೆಂದು ಚಿತ್ರವನ್ನು ಸಪ್ಪೆಯಾಗಿ ತೆಗೆಯುವ ಸೆಟ್ಟಿಂಗ್. ಆರು ತಿಂಗಳು ಅದನ್ನು ಮುಟ್ಟಬೇಡ ಅಂದೆ.

ಒಂದು ವಿಷಯ ನಾನೇ ಪೆಟ್ಟು ತಿಂದು ಕಲಿತದ್ದು. ಬಿಸಿಲಲ್ಲಿ ಕಾಣಲಿಲ್ಲವೆಂದು ಒಮ್ಮೆ ಎಲ್‌ಸಿಡಿಯ ಬ್ರೈಟ್‌ನೆಸ್ ಏರಿಸಿ ಹಾಗೇ ಮರೆತಿದ್ದೆ. ಸಂಜೆಯ ಮದುವೆ ಪರದೆಯಲ್ಲಿ ಫಳಫಳ ಅಂತಿತ್ತು, ಮನೆಗೆ ಬಂದು ನೋಡಿದರೆ ಮದುಮಗಳೇ ಕಾಣಲಿಲ್ಲ. ಅದಕ್ಕೇ ಹುಡುಗನ ಕ್ಯಾಮೆರಾದಲ್ಲಿ ಎಲ್‌ಸಿಡಿಯನ್ನು ನಡುಮಟ್ಟಕ್ಕೆ ತಂದಿಟ್ಟೆ, ಫ್ರೇಮಿನ ಬೆಳಕನ್ನು ನಕ್ಷೆಯಾಗಿ ತೋರಿಸುವ ಹಿಸ್ಟೋಗ್ರಾಮ್ ತೆರೆದುಕೊಟ್ಟೆ. "ಮುಂದಿನ ಆಟಕ್ಕೆ ಒಂದು ಗಂಟೆ ಮೊದಲೇ ಹೋಗು. ಬಣ್ಣ ಹಚ್ಚಿಕೊಂಡವರನ್ನು ಚೌಕಿಯಿಂದ (ವೇಷ ಕಟ್ಟುವ ಕೋಣೆ) ಎರಡು ನಿಮಿಷ ರಂಗಕ್ಕೆ ಕರೆದುಕೊಂಡು ಬಾ, ಅವರ ಮುಖ ನೋಡಿಯೇ ಐರಿಸ್ ಇಡು" ಅಂದೆ.

"ಬರ್ತಾರಾ ಸರ್?"

"ನೀನು ತೆಗೆದ ಮೊದಲನೇ ವಿಡಿಯೋ ತೋರಿಸು, ತಾವಾಗೇ ಬರ್ತಾರೆ."