ಗೆರೆಗೆ ಮೈಭಾರ ಬಂದದ್ದು ಹೇಗೆ

ನಾಲ್ಕು ವರ್ಷದ ಹುಡುಗಿಯೊಬ್ಬಳು ಶಾಲೆಯ ಮೈದಾನದಲ್ಲಿ ಕುಕ್ಕರಗಾಲಲ್ಲಿ ಕೂತು ಅಳುತ್ತಾಳೆ. ಅವಳಿಗೆ ಅಮ್ಮ ಬೇಕು. ಅಣ್ಣನಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಅಲ್ಲೇ ಇದ್ದ ಕಬ್ಬಿಣದ ಕಂಬಿ ಹಿಡಿದು ಸುಮ್ನೆ ಲಾಗ ಹಾಕುತ್ತಲೇ ಇರುತ್ತಾನೆ.

ಇದು ಯುದ್ಧಕಾಲದ ಕಥೆ ಹೇಳುವ 1988ರ ಜಪಾನಿ ಚಿತ್ರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ನಿರ್ದೇಶಕ ಇಸಾವೊ ತಕಹಾತ. ಸೆತ್ಸುಕೊ ಎಂಬ ಆ ಮಗುವಿಗೆ ರೂಪ ಕೊಟ್ಟವರು ಯೋಶಿಫುಮಿ ಕೊಂಡೊ. ಸೆತ್ಸುಕೊ ಬರೀ ಗೆರೆ ಮತ್ತು ಬಣ್ಣ. ಆದರೂ ಅವಳು ಅಳುವಾಗ ನಮ್ಮ ಗಂಟಲು ಕಟ್ಟುತ್ತದೆ. ಯಾಕಿರಬಹುದು?

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಅಷ್ಟಕ್ಕೂ ಹೊಸ ಚಿತ್ರ ಬರೆಯುತ್ತಾ ಕೂತರೆ ಮುಗಿಯುವುದೇ ಇಲ್ಲ. ಹಾಗಾಗಿ ಜಪಾನಿನ ಟಿವಿ ಆನಿಮೇಶನ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 8 ಚಿತ್ರ. ನಡುವಿನ ಚಲನೆಯನ್ನು ತುಂಬಿಕೊಳ್ಳುವುದು ನಮ್ಮ ಮೆದುಳು.

ಮೈಯ ಚಲನೆಯ ವಿಷಯಕ್ಕೆ ಬಂದರೆ ಈ ಮೆದುಳು ಬಹಳ ಚುರುಕು. 1973ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮನುಷ್ಯನ ಭುಜ, ಮೊಣಕೈ, ಮಂಡಿಗಳಲ್ಲಿ ಬೆಳಕಿನ ಚುಕ್ಕಿ ಇಟ್ಟು ಕತ್ತಲಲ್ಲಿ ನಡೆಸಿ ಚಿತ್ರೀಕರಿಸಿದರು. ನಿಂತ ಚುಕ್ಕಿಗಳಿಗೆ ಅರ್ಥವೇ ಇರಲಿಲ್ಲ. ಚಲಿಸಿದ ಕೂಡಲೇ ನೋಡಿದವರಿಗೆ ಅಲ್ಲೊಬ್ಬ ಮನುಷ್ಯ ಕಂಡ! ಮುಖ ಇಲ್ಲ, ಬಟ್ಟೆ ಇಲ್ಲ, ಹೊರಗೆರೆಯೂ ಇಲ್ಲ.

ಇದೇ ಚುರುಕು ಆನಿಮೇಟರ್‌ಗೆ ಕಷ್ಟವನ್ನೂ ತರುತ್ತದೆ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ತಪ್ಪಾಗಿ ದಾಟಿದರೂ ಸಾಕು, ಯಾಕೆ ಅಂತ ಹೇಳಲು ಬಾರದಿದ್ದರೂ ನಮಗೆ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ. ಪುಟ್ಟ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಹಾಗಾಗಿ ಅದು ಕೂರುವುದು, ಏಳುವುದು, ಓಡುವುದು ಎಲ್ಲವೂ ಬೇರೆ ಥರ. ದೊಡ್ಡವರ ಓಟವನ್ನು ಚಿಕ್ಕದು ಮಾಡಿ ಬರೆದರೆ ಮಗು ಆಗುವುದಿಲ್ಲ. ಕೊಂಡೊ ಇದನ್ನು ಕಲಿತದ್ದು ನೋಡಿ ನೋಡಿ. ಬೀದಿಯಲ್ಲಿ ಕಂಡ ಮಕ್ಕಳನ್ನು, ಅಮ್ಮಂದಿರನ್ನು ಅವರು ಬರೆದಿಟ್ಟುಕೊಳ್ಳುತ್ತಿದ್ದರು. ನನ್ನ ಮಟ್ಟಿಗೆ ಅದೂ ಒಂದು ಪ್ರಯೋಗಶಾಲೆಯೇ.

ಅವರು ಹುಟ್ಟಿದ್ದು 1950ರಲ್ಲಿ, ನೀಗಾತಾ ಪ್ರಾಂತ್ಯದ ಗೊಸೆನ್‌ನಲ್ಲಿ. 1968ರಲ್ಲಿ ಟೋಕಿಯೊಗೆ ಬಂದು ಆನಿಮೇಶನ್ ಕೆಲಸ ಹಿಡಿದರು. 1979ರ ‘ಆನ್ ಆಫ್ ಗ್ರೀನ್ ಗೇಬಲ್ಸ್’ ಟಿವಿ ಸರಣಿ ಅವರಿಗೆ ದೊಡ್ಡ ಸವಾಲು. ಒಟ್ಟು 50 ಕಂತು, ಕಂತು ಕಳೆದಂತೆ ಹುಡುಗಿ ಬೆಳೆಯಬೇಕು. ದೊಡ್ಡ ಕಣ್ಣು, ಅಗಲ ಹಣೆಯ ಒಣಕಲು ಹುಡುಗಿ ಮುಂದೆ ಯುವತಿಯಾದಾಗಲೂ ಅದೇ ಆನ್ ಅಂತ ಗುರುತು ಸಿಗಬೇಕು, ಅಲ್ವಾ?

ಈ ಸರಣಿಯಲ್ಲೂ ಸೆತ್ಸುಕೊಳ ಸಿನಿಮಾದಲ್ಲೂ ಅವರು ಆನಿಮೇಶನ್ ನಿರ್ದೇಶಕರೂ ಹೌದು. ಒಂದೇ ಪಾತ್ರವನ್ನು ಹತ್ತಾರು ಕೈಗಳು ಬರೆಯುತ್ತವೆ. ಪ್ರತಿ ಕೈಯಲ್ಲೂ ಮುಖ ಸ್ವಲ್ಪ ಬದಲಾಗುತ್ತದೆ. ಆ ಚಿತ್ರಗಳ ಮೇಲೆ ತೆಳು ಹಾಳೆ ಇಟ್ಟು, ಮತ್ತೆ ಬರೆದು, ಎಲ್ಲವನ್ನೂ ಒಂದೇ ಜೀವ ಮಾಡುವ ಕೆಲಸ ಅದು. ನೋಡುವವರ ಕಣ್ಣಿಗೆ ಬೀಳದೇ ಹೋಗುವ ಈ ದುಡಿಮೆಯ ಬಗ್ಗೆ ನನಗೆ ತುಂಬಾ ಗೌರವ.

ಸೆತ್ಸುಕೊಳ ಸಿನಿಮಾದಲ್ಲಿ ಹೊರಗೆರೆಗೆ ಎಂದಿನ ಕಪ್ಪಿನ ಬದಲು ಕಂದು ಬಣ್ಣ ಬಳಸಿದರು. ನಿಸರ್ಗದಲ್ಲಿ ವಸ್ತುವಿನ ಸುತ್ತ ಗೆರೆ ಇರುವುದಿಲ್ಲ. ಆದರೆ ಬೆಳಕು, ಬಣ್ಣ ಬದಲಾಗುವ ಅಂಚುಗಳಿಗೆ ಮೆದುಳಿನ ಕೆಲವು ನರಕೋಶಗಳು ವಿಶೇಷವಾಗಿ ಸ್ಪಂದಿಸುತ್ತವೆ. ಗೆರೆಚಿತ್ರ ನಮಗೆ ಅರ್ಥವಾಗುವುದರ ಹಿಂದೆ ಇದರ ಪಾತ್ರವೂ ಇದೆ. ಕಪ್ಪು ಗೆರೆ ಆಕಾರವನ್ನು ಕತ್ತರಿಸಿ ಇಟ್ಟಂತೆ ಕಾಣುತ್ತದೆ. ಕಂದು ಗೆರೆ ಚರ್ಮದ ಬಣ್ಣದೊಳಗೆ ಮೆತ್ತಗೆ ಸೇರಿಕೊಳ್ಳುತ್ತದೆ. ಸೆತ್ಸುಕೊಳ ಕೆನ್ನೆ ನೋಡಿದರೆ ಇದು ಗೊತ್ತಾಗುತ್ತದೆ.

ಕೊಂಡೊ ನಿರ್ದೇಶಿಸಿದ ಪೂರ್ಣ ಉದ್ದದ ಚಿತ್ರ ಒಂದೇ: 1995ರ ‘ವಿಸ್ಪರ್ ಆಫ್ ದಿ ಹಾರ್ಟ್’. ಅದರಲ್ಲಿ ಯುದ್ಧವಿಲ್ಲ. ಶಿಜುಕು ಎಂಬ ಹುಡುಗಿ ರೈಲಿನಲ್ಲಿ ಕಂಡ ಬೆಕ್ಕಿನ ಬೆನ್ನು ಹತ್ತಿ ಹೋಗುತ್ತಾಳೆ, ಏರುದಾರಿಯಲ್ಲಿ ಏದುಸಿರು ಬಿಡುತ್ತಾಳೆ. ಆ ಏರು ನಮ್ಮ ಕಾಲಿಗೂ ತಿಳಿಯುತ್ತದೆ.

1998ರ ಜನವರಿ 21ರಂದು, ಹೃದಯದಿಂದ ರಕ್ತ ಒಯ್ಯುವ ಮಹಾಪಧಮನಿಯ ಗೋಡೆ ಸೀಳಿ ಅವರು ತೀರಿಕೊಂಡರು. ಆಗ ಬರೀ 47 ವರ್ಷ. ಬೀದಿಯಲ್ಲಿ ಬರೆದ ಆ ಮಕ್ಕಳ ಚಿತ್ರಗಳು ಅದೇ ವರ್ಷ ಪುಸ್ತಕವಾಗಿ ಬಂದವು.