ಮಗ ಯಾವ ಆಟ ಆಡಬೇಕೆಂದು ಎಂಜಲು ಹೇಳುವುದಿಲ್ಲ

ಎಂಜಲಿನಲ್ಲಿರುವ ಜೀನ್ ನೋಡಿ ಮಗು ಯಾವ ಆಟಕ್ಕೆ ತಕ್ಕದ್ದೆಂದು ಹೇಳುವ ವರದಿಗಳು ಎಷ್ಟು ಬಂದವೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ಮುಂಬೈಯ ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಕಳೆದ ವಾರ ಬಂದ ಕುಂದಾಪುರ ಕಡೆಯ ಹೋಟೆಲ್ ಮಾಲೀಕರೊಬ್ಬರು ಬಣ್ಣಬಣ್ಣದ ಕಡತವನ್ನು ಮೇಜಿನ ಮೇಲಿಟ್ಟು, "ಡಾಕ್ಟರೇ, ಎಂಜಲು ಪರೀಕ್ಷೆ ಮಾಡಿಸಿದೆ. ಇವನಿಗೆ ವೇಗದ ಜೀನ್ ಇಲ್ಲವಂತೆ. ನೂರು ಮೀಟರ್ ಬಿಡಿಸಿ ದೂರದ ಓಟಕ್ಕೆ ಹಾಕಿದ್ದೇನೆ" ಎಂದರು. ಬಂದದ್ದು ಮಗನ ಕಾಲುನೋವಿಗೆ. ಹದಿಮೂರರ ಹುಡುಗ. ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆಯ ಉಬ್ಬನ್ನು ಬೆರಳಿನಿಂದ ಒತ್ತಿದೆ; ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಬೆಳೆಯುವ ಮೂಳೆಯ ಮೇಲೆ ಒಮ್ಮೆಲೇ ದಿನಕ್ಕೆ ಎಂಟು ಕಿಲೋಮೀಟರ್ ಹೇರಿದರೆ ಹೀಗಾಗುವುದುಂಟು.

ಆ ಜೀನ್‌ನ ಹೆಸರು ಎಸಿಟಿಎನ್3. ಅದು ತಯಾರಿಸುವ ಪ್ರೋಟೀನ್ ಸ್ನಾಯುವಿನ ವೇಗದ ತಂತುಗಳಲ್ಲಿರುತ್ತದೆ. ಉನ್ನತ ದರ್ಜೆಯ ವೇಗದ ಓಟಗಾರರಲ್ಲಿ ಈ ಪ್ರೋಟೀನ್ ಇಲ್ಲದವರು ಬಹಳ ವಿರಳ ಎಂದು 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಅಲ್ಲಿಯವರೆಗೆ ಸರಿ. ತಂದೆತಾಯಿ ಎಡವುವುದು ಅದರ ಮುಂದೆ.

ಓಟಗಾರರಲ್ಲಿ ಅದು ಇರುತ್ತದೆ ಎಂದರೆ, ಅದು ಇದ್ದವರು ಓಟಗಾರರಾಗುತ್ತಾರೆ ಎಂದಲ್ಲ. ಈ ಪ್ರೋಟೀನ್ ಜಗತ್ತಿನ ಐವರಲ್ಲಿ ಸುಮಾರು ನಾಲ್ವರಲ್ಲಿದೆ. ದಾದರ್‌ನಲ್ಲಿ ಲೋಕಲ್ ಹಿಡಿಯಲು ಓಡುವ ಜನರಲ್ಲಿ ಬಹುಪಾಲು ಮಂದಿಗೆ ಅದು ಇದ್ದೇ ಇರುತ್ತದೆ. ಹೋಟೆಲಿನವರಿಗೆ ಹೋಟೆಲಿನ ಮಾತಿನಲ್ಲೇ ಹೇಳಿದೆ: ನಿಮ್ಮ ಇಡ್ಲಿಗೆ ಉದ್ದು ಬೇಕು, ಆದರೆ ಉದ್ದು ಇರುವ ಮನೆಯಲ್ಲೆಲ್ಲ ನಿಮ್ಮಂಥ ಇಡ್ಲಿ ಆಗುತ್ತದೆಯೇ? ಅಕ್ಕಿ, ನೀರು, ರುಬ್ಬುವ ಕೈ, ರಾತ್ರಿಯ ಸೆಕೆ ಎಲ್ಲ ಕೂಡಿಬರಬೇಕು. ಜೀನ್‌ನ ವಿಷಯದಲ್ಲಿ ಈ ಹೋಲಿಕೆಯೂ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಆ ಪ್ರೋಟೀನ್ ಒಂದಿಷ್ಟೂ ಇಲ್ಲದ ಸ್ಪೇನಿನ ಒಬ್ಬ ಉದ್ದಜಿಗಿತಗಾರ ಒಲಿಂಪಿಕ್ಸ್‌ಗೆ ಹೋಗಿದ್ದಾನೆ.

ಎತ್ತರ ಒಂದನ್ನೇ ತೆಗೆದುಕೊಂಡರೂ ಅದಕ್ಕೆ ನಂಟಿರುವ 12,000ಕ್ಕೂ ಹೆಚ್ಚು ಡಿಎನ್‌ಎ ವ್ಯತ್ಯಾಸಗಳು ಪತ್ತೆಯಾಗಿವೆ. ಇನ್ನು ವೇಗ, ದಮ್ಮು, ಚೆಂಡು ಬರುವ ದಾರಿ ಊಹಿಸುವ ಕಣ್ಣು? ಒಂದೇ ಜೀನ್ ದೊಡ್ಡ ಲಾಭ ಕೊಟ್ಟದ್ದೂ ಉಂಟು. 1964ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಫಿನ್ಲೆಂಡಿನ ಸ್ಕೀಯರ್ ಏರೊ ಮ್ಯಾಂಟಿರಾಂಟ ಅವರ ರಕ್ತದಲ್ಲಿ, ಒಂದು ಜೀನ್‌ನ ಬದಲಾವಣೆಯಿಂದಾಗಿ, ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಹುಟ್ಟಿನಿಂದಲೇ ವಿಪರೀತ ಹೆಚ್ಚಿತ್ತು. ಆದರೆ ಅದೇ ಬದಲಾವಣೆ ಇದ್ದ ಅವರ ಬಂಧುಗಳಲ್ಲಿ ಹೆಚ್ಚಿನವರು ಚಾಂಪಿಯನ್ನರಾಗಲಿಲ್ಲ. ಮಕ್ಕಳ ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆ ಬಳಸಲೇಬಾರದೆಂದು ಈ ಕ್ಷೇತ್ರದ ತಜ್ಞರು 2015ರಲ್ಲೇ ಒಟ್ಟಾಗಿ ಹೇಳಿದ್ದಾರೆ. ಮುಂದೆ ವಿಜ್ಞಾನ ಬೆಳೆದರೆ ನನ್ನ ಅಭಿಪ್ರಾಯವೂ ಬದಲಾಗಬಹುದು. ಇಂದಿನ ಮಟ್ಟಿಗೆ ಇಲ್ಲ.

ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ವಂಶದಿಂದ ಬಂದದ್ದನ್ನು ನಿಜವಾಗಿ ವಿಚಾರಿಸಬೇಕಾದ ಕಡೆ ಯಾರೂ ವಿಚಾರಿಸುವುದಿಲ್ಲ. "ನಿಮ್ಮಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ?" ಎಂದು ಕೇಳಿದೆ. ಮಾಲೀಕರು ಕಡತ ಮುಚ್ಚಿದರು. ಊರಿನಲ್ಲಿ ಅವರ ಅಣ್ಣ, ಮೂವತ್ತೆರಡಕ್ಕೆ, ವಾಲಿಬಾಲ್ ಆಡುತ್ತಲೇ ಕುಸಿದುಬಿದ್ದಿದ್ದರಂತೆ. ಆಡುವಾಗ ಹೀಗೆ ಹಠಾತ್ ಸಾವು ತರಬಲ್ಲ, ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಸುಮಾರು ಐನೂರರಲ್ಲಿ ಒಬ್ಬರಿಗಿರುತ್ತದೆ. ಹೆತ್ತವರಲ್ಲಿ ಒಬ್ಬರಿಗೆ ಅದನ್ನು ತರುವ ಜೀನ್ ದೋಷವಿದ್ದರೆ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ ಅದೇ ಇತ್ತೆಂದು ನಾನು ಹೇಳಲಾರೆ. ತಂದೆ ಮಗ ಇಬ್ಬರಿಗೂ ಇಸಿಜಿ, ಎಕೋ ಎಂಬ ಹೃದಯದ ಪರೀಕ್ಷೆಗಳನ್ನು ಬರೆದುಕೊಟ್ಟೆ. ಅವುಗಳ ಫಲಿತಾಂಶ ಬರುವವರೆಗೆ ಹುಡುಗನಿಗೆ ಯಾವ ಓಟವೂ ಬೇಡವೆಂದೆ.

ಮುಂದಿನ ಸಲ ಬರುವವರು ಬಣ್ಣದ ಕಡತವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಊರಿಗೆ ಫೋನ್ ಮಾಡಿ, ಅಜ್ಜಿಯನ್ನು ಕೇಳಿ, ಯಾರು ಯಾವ ವಯಸ್ಸಿನಲ್ಲಿ ಹೇಗೆ ಹೋದರೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ.